ಲೋರ್ನ್ ಇಲ್ಲದ ಆರನೇ ಸೀಸನ್
ಅಮೆರಿಕದ ಎನ್‌ಬಿಸಿ ವಾಹಿನಿಯ ಹಾಸ್ಯ ಕಾರ್ಯಕ್ರಮ ‘ಸ್ಯಾಟರ್ಡೇ ನೈಟ್ ಲೈವ್’ ತನ್ನ ಆರನೇ ಸೀಸನ್ ಅನ್ನು 1980ರ ನವೆಂಬರ್ 15ರಂದು ಆರಂಭಿಸಿದಾಗ ಕಲಾವಿದರ ತಂಡದಲ್ಲಿ ಹಳೆಯ ಮುಖ ಒಂದೂ ಉಳಿದಿರಲಿಲ್ಲ. 1975ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ ನಿರ್ಮಾಪಕ ಲೋರ್ನ್ ಮೈಕೇಲ್ಸ್ ದಣಿದು ಹೊರನಡೆದಿದ್ದರು. ನಟರ ಜೊತೆಗೆ ಬರಹಗಾರರೂ ಬಹುತೇಕ ಅವರ ಹಿಂದೆಯೇ ಹೋಗಿದ್ದರು. ಹೊಣೆ ಬಿದ್ದದ್ದು ಅದೇ ತಂಡದಲ್ಲಿದ್ದ ಜೀನ್ ಡುಮೇನಿಯನ್ ಹೆಗಲಿಗೆ. ಚಾರ್ಲ್ಸ್ ರಾಕೆಟ್, ಜೋ ಪಿಸ್ಕೊಪೊ, ಗಿಲ್ಬರ್ಟ್ ಗಾಟ್‌ಫ್ರೀಡ್ ಮೊದಲಾದ ಹೊಸಬರನ್ನು ಪ್ರೇಕ್ಷಕರು ಹಳಬರೊಂದಿಗೆ ತೂಗಿ ನೋಡಿದರು, ವಿಮರ್ಶಕರು ಜಾಡಿಸಿದರು. ಬರವಣಿಗೆ ಸಪ್ಪೆಯಾಗಿತ್ತು ಎಂಬುದು ನಿಜ. ಆದರೆ ಇಡೀ ತಂಡವನ್ನು ಒಮ್ಮೆಲೇ ಬದಲಿಸಿ ಪ್ರತಿ ವಾರ ನೇರಪ್ರಸಾರಕ್ಕೆ ಇಳಿಸಿದರೆ ಬೇರೇನು ಆದೀತು? ಈ ಗೊಂದಲದ ನಡುವೆಯೇ ಒಂದು ಪ್ರತಿಭೆ ಮೇಲೆದ್ದಿತು. 1981ರ ಜನವರಿಯ ಒಂದು ಸಂಚಿಕೆಯಲ್ಲಿ ಕೆಲವು ನಿಮಿಷ ಮಿಕ್ಕಿದವು. ತುಂಬಿಸಲು ಏನೂ ಇಲ್ಲದೆ, ಅಷ್ಟರವರೆಗೆ ಸಣ್ಣಪುಟ್ಟ ಪಾತ್ರಗಳಲ್ಲೇ ಇದ್ದ 19ರ ಹರೆಯದ ಎಡ್ಡಿ ಮರ್ಫಿಯನ್ನು ಒಬ್ಬನನ್ನೇ ವೇದಿಕೆಗೆ ತಳ್ಳಲಾಯಿತು. ಹುಡುಗ ತನ್ನ ಸ್ಟ್ಯಾಂಡಪ್ ಹಾಸ್ಯದಿಂದ ಸಭೆಯನ್ನು ಗೆದ್ದ. ಫೆಬ್ರುವರಿ 21ರಂದು ಮಾತ್ರ ಎಡವಟ್ಟಾಯಿತು. ‘ಡಲ್ಲಾಸ್’ ಧಾರಾವಾಹಿಯ ಅಣಕದಲ್ಲಿ ಗುಂಡೇಟು ತಿಂದವನಾಗಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ರಾಕೆಟ್ ನೇರಪ್ರಸಾರದಲ್ಲೇ ಅಶ್ಲೀಲ ಪದವೊಂದನ್ನು ಉದುರಿಸಿಬಿಟ್ಟರು. ಮಾರ್ಚ್‌ನಲ್ಲಿ ಡುಮೇನಿಯನ್ ಅವರನ್ನು ತೆಗೆದು ಡಿಕ್ ಎಬರ್ಸಾಲ್‌ಗೆ ಪಟ್ಟ ಕಟ್ಟಲಾಯಿತು. ರಾಕೆಟ್ ಕೂಡ ಹೊರಬಿದ್ದರು. ಏಪ್ರಿಲ್ 11ರಂದು ಎಬರ್ಸಾಲ್ ಒಂದೇ ಒಂದು ಸಂಚಿಕೆ ಮಾಡುವಷ್ಟರಲ್ಲಿ ಬರಹಗಾರರ ಮುಷ್ಕರ ಶುರುವಾಗಿ, ಸೀಸನ್ 13 ಸಂಚಿಕೆಗಳಿಗೇ ನಿಂತಿತು. ಡುಮೇನಿಯನ್ ಆರಿಸಿದ್ದ ನಟವರ್ಗದಲ್ಲಿ ಮುಂದಿನ ಸೀಸನ್‌ಗೆ ಉಳಿದವರು ಮರ್ಫಿ ಮತ್ತು ಪಿಸ್ಕೊಪೊ ಇಬ್ಬರೇ.