ನೌಕರಿಯೂ ಬರವಣಿಗೆಯೂ

ಈಚೆಗೆ ಕೃಷ್ಣರಾಜಪೇಟೆಯ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ತರಗತಿಯಲ್ಲಿದ್ದಾಗ ಒಳ್ಳೆಯ ಪದ್ಯಗಳನ್ನು ಬರೆಯುತ್ತಿದ್ದವನು. ಈಗ ಕಂದಾಯ ಇಲಾಖೆಯ ನೌಕರ. ಏನು ಬರೆಯುತ್ತಿದ್ದೀಯಪ್ಪ ಎಂದು ಕೇಳಿದೆ. "ಪಹಣಿ ತಿದ್ದುಪಡಿ ಬರೀತಿದ್ದೀನಿ ಸಾರ್, ಉಳಿದದ್ದೆಲ್ಲ ರಿಟೈರಾದ ಮೇಲೆ" ಎಂದು ನಕ್ಕ. ಅವನಿಗಿನ್ನೂ ಮೂವತ್ತು ತುಂಬಿಲ್ಲ. ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿಕೊಂಡಿತು.

ಅವನು ನಿಂತು ಈ ಮಾತನ್ನಾಡಿದ್ದು ಎಂಥ ನೆಲದಲ್ಲಿ! ಅದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯ ಕಡತಗಳ ನಡುವೆಯೇ ಬಾಳಿದವರು. 'ಮೈಸೂರು ಮಲ್ಲಿಗೆ' 1942ರಲ್ಲಿ ಅರಳಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಸೈನ್ಯ ಇಲಾಖೆಯಲ್ಲಿ ದುಡಿದರು. ದಿನವೆಲ್ಲ ದಂಡಿನ ಕಾಗದಪತ್ರ; ಕಾವ್ಯದಲ್ಲಿ ಗೋಕುಲ!

ಆದರೆ ನನ್ನನ್ನು ಹೆಚ್ಚು ಕಾಡುವವಳು ಶ್ರೀರಂಗಪಟ್ಟಣದ ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ (1673-1704) ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿದು ಊಳಿಗ ಮಾಡುತ್ತಿದ್ದ ಹೆಣ್ಣು. ಕರೆದಾಗ ಓಗೊಡಬೇಕಾದ ಕೆಲಸ. ತನ್ನದೆಂಬ ಹೊತ್ತು ಎಷ್ಟಿದ್ದೀತು? ಸಿಂಗರಾರ್ಯನ ಪ್ರೋತ್ಸಾಹದಿಂದ ಆಕೆ 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದಳು. ಸಾಂಗತ್ಯವೆಂದರೆ ಹಾಡಿಕೊಂಡೇ ಕಟ್ಟಬಹುದಾದ ಮಟ್ಟು. ಕಂಠವೂ ಓಲೆಗರಿಯೂ ಕೈಗೆ ದೊರೆಯದ ಗಳಿಗೆಗಳಲ್ಲಿ, ಸಂಚಿ ಹಿಡಿದು ನಿಂತಲ್ಲೇ, ಎಷ್ಟೋ ಪದ್ಯಗಳು ನಾಲಗೆಯ ಮೇಲೆ ಬೆಳೆದಿರಬೇಕೆಂದು ನನ್ನ ಊಹೆ. ಬಿಡುವಿಲ್ಲದವರು ತಮಗಿರುವ ಹೊತ್ತಿಗೆ ಒಗ್ಗುವ ರೂಪವನ್ನು ಆರಿಸಿಕೊಳ್ಳಬೇಕು. ಪು.ತಿ.ನ. ಅವರ ಭಾವಗೀತೆಗಳೂ 'ಗೋಕುಲ ನಿರ್ಗಮನ'ವೂ ನೌಕರಿಯ ದಿನಗಳವು. 'ಶ್ರೀಹರಿಚರಿತೆ'ಯ ಮಹಾಕಾವ್ಯ ನಿವೃತ್ತಿಯ ನಂತರದ್ದು. ಗುಮಾಸ್ತೆಯ ಬದುಕಿನಲ್ಲಿ ಮೊದಲೇ ಮಹಾಕಾದಂಬರಿಗೆ ಕೈಹಾಕಿ ಕೈಸೋತವರನ್ನು ನಾನು ಬಲ್ಲೆ.

ನಾಗಮಂಗಲ ತಾಲ್ಲೂಕಿನ ಎಚ್. ಎಲ್. ನಾಗೇಗೌಡರ ದಾರಿ ಬೇರೆ. ಅಧಿಕಾರದಲ್ಲಿದ್ದುಕೊಂಡೇ ಬರೆದರು, ಜನಪದದ ಬೆನ್ನು ಹತ್ತಿದರು; 1979ರಲ್ಲಿ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಅದು ನಿವೃತ್ತಿಯ ನಂತರವಲ್ಲವೆ ಎಂದು ನನ್ನ ಶಿಷ್ಯ ವಾದಿಸಬಹುದು. ನಿಜ, ಬೆಳೆ ಆಗ ಬಂತು. ಬಿತ್ತನೆ ಎಂದೋ ಆಗಿತ್ತು.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಉತ್ತರಪತ್ರಿಕೆಗಳನ್ನು ತಿದ್ದಿದ ರಾತ್ರಿಗಳಲ್ಲಿ ಹಟ ಹಿಡಿದು ಬರೆಯಹೊರಟು ಕಣ್ಣನ್ನೂ ಕೆಡಿಸಿಕೊಂಡೆ, ಲೇಖನವನ್ನೂ ಕೆಡಿಸಿದೆ. ಈಗ ಬೆಳಗಿನ ಐದರಿಂದ ಮುಕ್ಕಾಲು ಗಂಟೆ ಮಾತ್ರ. ಮೌಲ್ಯಮಾಪನದ ದಿನಗಳಲ್ಲಿ ಅದೂ ಇಲ್ಲ, ಓದು, ನಿದ್ದೆ. ಜೇಬಿನಲ್ಲಿ ಸಣ್ಣ ಪುಸ್ತಕವಿರುತ್ತದೆ. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತು ಅದರಲ್ಲಿ ಸೇರುತ್ತದೆ.

ತಪ್ಪೆಲ್ಲ ನೌಕರನದೇ ಎನ್ನಲಾರೆ. ರಾತ್ರಿ ಒಂಬತ್ತಕ್ಕೂ ಮೇಲಿನವರ ಆದೇಶ ಅವನ ಫೋನಿಗೆ ಬಂದು ಬೀಳುತ್ತದೆ. ದಣಿದ ಎತ್ತಿಗೂ ನೊಗ ಇಳಿಸುವ ರೈತರ ಸೀಮೆಯಿದು. ಕಚೇರಿಗಳಿಗೆ ಅಷ್ಟು ವಿವೇಕ ಬೇಡವೆ?

ಮೊನ್ನೆ ಅವನಿಗೆ ಫೋನು ಮಾಡಿ, ಹಳೆಯ ಪದ್ಯದ ಪುಸ್ತಕ ತೆಗೆದುಕೊಂಡು ಭಾನುವಾರ ಮೇಲುಕೋಟೆಗೆ ಬಾ, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಓದೋಣ ಎಂದೆ. "ಈ ಭಾನುವಾರ ಡ್ಯೂಟಿ ಹಾಕಿದ್ದಾರೆ ಸಾರ್" ಎಂದ. ಸ್ವಲ್ಪ ತಡೆದು, "ಮುಂದಿನ ವಾರ ಬರ್ತೀನಿ. ಪುಸ್ತಕ ಅಟ್ಟದ ಮೇಲಿದೆ, ಹುಡುಕಬೇಕು" ಎಂದ.