ಬಿಳಿಮೀನಿಗೆ ರಾಗಿ ಉಂಡೆ
ಅಮೆರಿಕದ ಕಟ್‌ಥ್ರೋಟ್ ಟ್ರೌಟ್‌ ಮೀನಿಗೆ ಎಂಥ ಕೃತಕ ನೊಣ ಕಟ್ಟಬೇಕೆಂದು ಕುಮಾರ ಪಾರ್ಕಿನ ಹುಡುಗನೊಬ್ಬ ಕೇಳಿದ. ಅದು ಅಷ್ಟೇನೂ ಹಟಮಾರಿಯಲ್ಲ. ಬೇಸಿಗೆಯ ಕೊನೆಗೆ ಮಿಡತೆಯಂಥದ್ದು ಕಟ್ಟಿದರೂ ಬಾಯಿ ಹಾಕುತ್ತದೆ. ನಮ್ಮ ಕಾವೇರಿಯ ಬಿಳಿಮೀನಿನ, ಅಂದರೆ ಮಹಸೀರ್‌ನ ಕಥೆಯೇ ಬೇರೆ. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ಬೇಯಿಸಿ ನಾದಿದ ರಾಗಿ ಹಿಟ್ಟಿನ ಉಂಡೆ. ನಾದಿದ್ದು ಸಾಲದಿದ್ದರೆ ಸೆಳವಿನಲ್ಲಿ ಕರಗಿಯೇ ಹೋಗುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು. ಕಾವೇರಿ ಕೊಳ್ಳಕ್ಕೇ ಸೀಮಿತವಾದ ಡುಬ್ಬದ ಮಹಸೀರ್ 2018ರಿಂದ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಕೊನೆಯಂಚಿಗೆ ಬಂದಿದೆ. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದೂ ನಿಂತಿತು. ಆದರೆ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಗಾಳಗಾರರು ಹೊಳೆಯ ಕಾವಲುಗಾರರೂ ಆಗಿದ್ದರು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ತಡೆಯಲು ಅಂಥ ಕಣ್ಗಾವಲು ಬೇರೆ ರೂಪದಲ್ಲಾದರೂ ಮರಳಲೇಬೇಕು.