ಎಂ.ಎ.ಗೆ ಯಾವ ವಿಷಯ? ಗಡಿ ತಾಲ್ಲೂಕುಗಳ ಲೆಕ್ಕ ಹಿಡಿಯುವವರು ಬೇಕಾಗಿದ್ದಾರೆ

ಪದವಿ ಫಲಿತಾಂಶ ಬಂದ ಮೇಲೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಬಿ.ಎಡ್. ಮಾಡಿದರೆ ಒಂದು ಶಾಲೆ ಸಿಕ್ಕೀತು, ಪುಣೆಗೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ ಆದೀತು, ಎರಡೂ ಆಗದಿದ್ದರೆ ಹತ್ತಿರದಲ್ಲಿ ಸೀಟು ಸಿಕ್ಕ ಎಂ.ಎ. ಅದು ಅರ್ಥಶಾಸ್ತ್ರವೋ, ಸಮಾಜಕಾರ್ಯವೋ, ಗ್ರಾಮೀಣಾಭಿವೃದ್ಧಿಯೋ ಎಂಬುದು ಬಸ್ಸಿನ ಅನುಕೂಲ ಮತ್ತು ಫೀ ನೋಡಿ ತೀರ್ಮಾನವಾಗುತ್ತದೆ. ಆ ವಿಷಯದೊಳಗೆ ಯಾವ ವಿಶೇಷ ಅಧ್ಯಯನ ಎಂಬ ಪ್ರಶ್ನೆಯಂತೂ ಐಚ್ಛಿಕ ಪತ್ರಿಕೆಯ ಅರ್ಜಿ ತುಂಬುವ ದಿನದವರೆಗೆ ಏಳುವುದೇ ಇಲ್ಲ.

ಇದು ಆಯಾ ಮನೆಯ ವಿಚಾರ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ತಾಲ್ಲೂಕುಗಳ ಪಾಲಿಗೆ ಬರುವ ನೀರು ಮತ್ತು ಹಣ ತೀರ್ಮಾನವಾಗುವುದು ರಾಜಧಾನಿಗಳಲ್ಲಿ ಕೂತು ಮಾಡಿದ ಲೆಕ್ಕಗಳ ಮೇಲೆ. ಆ ಲೆಕ್ಕಗಳಲ್ಲಿ ಗಡಿಯ ಊರುಗಳು ಸರಿಯಾಗಿ ಕಾಣುತ್ತಿಲ್ಲ.

ಕರ್ನಾಟಕದ ಕಡೆ ನೋಡಿ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ 2000ರಲ್ಲಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದು ಅಳೆದದ್ದು ಜಿಲ್ಲೆಯನ್ನಲ್ಲ, ತಾಲ್ಲೂಕನ್ನು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಹೇಳಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು, 40ನ್ನು ಅತಿ ಹಿಂದುಳಿದವು, 35ನ್ನು ಹಿಂದುಳಿದವು ಎಂದು ವಿಂಗಡಿಸಿತು. ಅಕ್ಕಲಕೋಟೆಗೆ ತಾಗಿದ ಆಳಂದ, ಅಫಜಲಪುರಗಳು ಮೊದಲ ಪಟ್ಟಿಯಲ್ಲೇ ಇದ್ದವು. ಮುಂದೆ ಸಂವಿಧಾನಕ್ಕೆ 371(ಜೆ) ಕಲಂ ಸೇರಿ, 2013ರಿಂದ ಈ ತಾಲ್ಲೂಕುಗಳಿಗೆ ಪ್ರತ್ಯೇಕ ಮಂಡಳಿ, ಪ್ರತ್ಯೇಕ ಅನುದಾನ, ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲು ಬಂದವು. ಮಂಡಳಿಯ ಹಣ ಹಂಚುವುದಕ್ಕೂ ಅದೇ ತಾಲ್ಲೂಕು ಸೂಚ್ಯಂಕ ಆಧಾರವಾಯಿತು. ಆ ಲೆಕ್ಕವನ್ನು ಮತ್ತೆ ನೋಡಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೂ ರಚನೆಯಾಯಿತು.

ಗಡಿ ದಾಟಿ ಈಚೆ ಬಂದರೆ ಅಳತೆಗೋಲೇ ಬೇರೆ. ಮಹಾರಾಷ್ಟ್ರದಲ್ಲಿ ಪ್ರೊ. ವಿ.ಎಂ. ದಾಂಡೇಕರ ಸಮಿತಿ 1984ರಲ್ಲಿ ಲೆಕ್ಕ ಹಾಕಿದ ಅಭಿವೃದ್ಧಿಯ ಬಾಕಿ 3,186 ಕೋಟಿ ರೂಪಾಯಿಗೂ ಹೆಚ್ಚು. ಆದರೆ ಅಲ್ಲಿ ಅಳತೆಯ ಘಟಕ ಜಿಲ್ಲೆ. 1994ರಲ್ಲಿ ಬಂದು 2020ರಲ್ಲಿ ಅವಧಿ ಮುಗಿದ ಅಭಿವೃದ್ಧಿ ಮಂಡಳಿಗಳಲ್ಲಿ ವಿದರ್ಭಕ್ಕೆ ಒಂದು, ಮರಾಠವಾಡಕ್ಕೆ ಒಂದು, ಉಳಿದ ಮಹಾರಾಷ್ಟ್ರಕ್ಕೆಲ್ಲ ಸೇರಿ ಒಂದು. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳು ಆ ‘ಉಳಿದ’ ಭಾಗದವು, ಅಂದರೆ ಸಕ್ಕರೆ ಕಾರ್ಖಾನೆಗಳ ಪಶ್ಚಿಮ ಮಹಾರಾಷ್ಟ್ರ. ಉಜನಿಯ ಕಾಲುವೆ ನೀರಿನ ಪಂಢರಪುರ, ಮಾಳಶಿರಸಗಳ ಕಬ್ಬು ಮತ್ತು ಅಕ್ಕಲಕೋಟೆಯ ಒಣ ಜೋಳದ ಹೊಲ ಒಂದೇ ಸರಾಸರಿಯಲ್ಲಿ ಕರಗುತ್ತವೆ. ಕೃಷ್ಣೆಯ ದಂಡೆಯ ಮಿರಜ, ವಾಳವೆಗಳ ಜೊತೆ ಜತ್ತವೂ ಹಾಗೆಯೇ. ಬರದ ಪಟ್ಟಿಯಲ್ಲಿ ಜತ್ತದ ಹೆಸರು ಬರುವುದುಂಟು, ನಿಜ. ಆದರೆ ಬರದ ವರ್ಷ ಕೊಡುವ ಪರಿಹಾರ ಬೇರೆ, ಹತ್ತಾರು ವರ್ಷದ ಅಭಿವೃದ್ಧಿ ಬಾಕಿ ತುಂಬಿಕೊಡುವುದು ಬೇರೆ.

ಅಂತೂ ಆಚೆಯವರು ತಾಲ್ಲೂಕು ಎಣಿಸಿದರು, ಗಡಿಯ ಬಳಿ ನಿಲ್ಲಿಸಿದರು. ಈಚೆಯವರು ಜಿಲ್ಲೆ ಎಣಿಸಿದರು, ಒಳಗೆ ನೋಡಲಿಲ್ಲ. 1967ರ ಮಹಾಜನ ವರದಿಯ ಬಗ್ಗೆ ಭಾಷಣ ಮಾಡುವವರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಅಕ್ಕಲಕೋಟೆಯ ನೀರಾವರಿ ಜಮೀನಿನ ಪ್ರಮಾಣವನ್ನು ಆಳಂದದ ಪ್ರಮಾಣದ ಪಕ್ಕ ಇಟ್ಟು ತೋರಿಸುವವರಿಗೆ ಇದೆ.

ಇದರ ಬೆಲೆ ಎಷ್ಟೆಂಬುದು 2022ರ ಕೊನೆಯಲ್ಲಿ ಕಂಡಿತು. ಜತ್ತ ತಾಲ್ಲೂಕಿನ 40 ಹಳ್ಳಿಗಳು ನೀರಿಗಾಗಿ ಹಿಂದೆ ಮಾಡಿದ್ದ ಗೊತ್ತುವಳಿಯನ್ನು ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನವೆಂಬರಿನಲ್ಲಿ ಪ್ರಸ್ತಾಪಿಸಿದರು. ಎರಡೂ ಕಡೆ ಗದ್ದಲವಾಯಿತು. ಬೆನ್ನಿಗೇ ಮುಂಬಯಿಯಿಂದ ವಿಸ್ತರಿತ ಮ್ಹೈಸಾಳ ಏತ ನೀರಾವರಿಗೆ ಸುಮಾರು 2,000 ಕೋಟಿ ರೂಪಾಯಿಯ ಮಾತು ಬಂತು. ಅತ್ತ ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ಜತ್ತದ ಹಳ್ಳಿಯ ಕಡೆ ಹರಿಯಿತು. ಟೀವಿಯವರು ಬಂದರು, ಹೋದರು. ಆ ನೀರನ್ನು ಎತ್ತಲು ಎಕರೆಗೆ ಎಷ್ಟು ಖರ್ಚು, ವಿದ್ಯುತ್ ಬಿಲ್ಲಿನ ಬಾಕಿಗೆ ಪಂಪು ನಿಂತ ವರ್ಷಗಳಲ್ಲಿ ಯಾವ ಬೆಳೆ ಹೋಯಿತು, ಕರ್ನಾಟಕದ ಯೋಜನೆಯಿಂದ ನೀರು ಕೊಟ್ಟರೆ ಎರಡು ಸರಕಾರಗಳ ನಡುವೆ ಲೆಕ್ಕ ಚುಕ್ತಾ ಮಾಡುವುದು ಹೇಗೆ ಎಂದು ಮಾತ್ರ ಅಂದಿನ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಕೃಷ್ಣಾ ನ್ಯಾಯಮಂಡಳಿ ನೀರು ಹಂಚಿದ್ದು ರಾಜ್ಯಗಳಿಗೆ. ರಾಜ್ಯದೊಳಗೆ ತಾಲ್ಲೂಕಿಗೆ ಬಂದ ಪಾಲನ್ನು ಲೆಕ್ಕ ಇಟ್ಟವನೇ ಕೇಳಬೇಕು.

ಎಂ.ಎ. ಆಯ್ಕೆಯ ಪ್ರಶ್ನೆ ಇಲ್ಲಿಗೆ ಬಂದು ತಾಗುತ್ತದೆ. ‘ಅಭಿವೃದ್ಧಿ’ ಎಂಬ ಹೆಸರಿನ ಕೋರ್ಸುಗಳು ಈಗ ಹೇರಳ. ಅವುಗಳಲ್ಲಿ ಹಲವು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸಿ ಕಳಿಸುತ್ತವೆ: ಸ್ವಸಹಾಯ ಸಂಘ ಒಂದು ಪಾಠ, ಪಂಚಾಯತಿ ಒಂದು ಪಾಠ, ಪರಿಸರ ಒಂದು ಪಾಠ. ಓದಿ ಬಂದವರಿಗೆ ವಿಷಯ ಗೊತ್ತಿರುತ್ತದೆ, ಆದರೆ ಜಿಲ್ಲಾ ಪರಿಷತ್ತಿನ ಬಜೆಟ್ ಕೈಗೆ ಕೊಟ್ಟರೆ ಎಲ್ಲಿಂದ ಓದಬೇಕೆಂದು ತಿಳಿಯುವುದಿಲ್ಲ. ಗಡಿಯ ವಿದ್ಯಾರ್ಥಿಗೆ ಸಲ್ಲುವುದು ಅಳತೆ ಕಲಿಸುವ ವಿಶೇಷ ಅಧ್ಯಯನ. ನೀರಾವರಿ ಮತ್ತು ಕೃಷಿ ಅರ್ಥಶಾಸ್ತ್ರ, ಸ್ಥಳೀಯ ಸಂಸ್ಥೆಗಳ ಹಣಕಾಸು, ಜನಸಂಖ್ಯಾ ಅಧ್ಯಯನ ಈ ಮೂರರಲ್ಲಿ ಒಂದಾದರೆ ಒಳ್ಳೆಯದು. ಸಮಾಜಕಾರ್ಯ ಕೀಳೆಂದಲ್ಲ, ಬೀಡಿ ಕಟ್ಟುವ ಹೆಂಗಸರ ಮತ್ತು ವಿದ್ಯುತ್ ಮಗ್ಗದ ಸೊಲ್ಲಾಪುರದಲ್ಲಿ ಅದಕ್ಕೆ ಕೆಲಸ ಇದ್ದೇ ಇದೆ.

ಪದವಿಯ ಹೆಸರಿನ ಬಗ್ಗೆಯೂ ಎಚ್ಚರ ಬೇಕು. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರ, ಅನ್ವಯಿಕ ಅರ್ಥಶಾಸ್ತ್ರ, ವ್ಯವಹಾರ ಅರ್ಥಶಾಸ್ತ್ರ ಅಥವಾ ಅರ್ಥಮಿತಿಯಲ್ಲಿ ಸ್ನಾತಕೋತ್ತರ ಪದವಿ ಬೇಕು. ಗ್ರಾಮೀಣಾಭಿವೃದ್ಧಿಯ ಎಂ.ಎ. ಅಲ್ಲಿ ನಡೆಯುವುದಿಲ್ಲ. ಕಾಲೇಜು ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಯ ಅರ್ಥಶಾಸ್ತ್ರ ವಿಭಾಗ ಇಷ್ಟು ಬಿಗಿಯಿಲ್ಲ; ಅಭಿವೃದ್ಧಿ ಅಧ್ಯಯನ, ಸಹಕಾರ, ಗ್ರಾಮೀಣ ಅರ್ಥಶಾಸ್ತ್ರಗಳೂ ಅದರಲ್ಲಿ ಸೇರಿವೆ. ಎರಡು ವರ್ಷ ಕಳೆದ ಮೇಲೆ ಇದು ತಿಳಿದರೆ ಉಪಯೋಗವಿಲ್ಲ.

ಓದುವ ಸ್ಥಳಗಳು ದೂರವೇನಿಲ್ಲ. ಸೊಲ್ಲಾಪುರದಿಂದ ತುಳಜಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1986ರಲ್ಲೇ ಅಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅಕ್ಕಲಕೋಟೆಯವರಿಗೆ ಪುಣೆಗಿಂತ ಎಷ್ಟೋ ಹತ್ತಿರ. ಪುಣೆಯಲ್ಲಿ 1930ರ ಗೋಖಲೆ ಸಂಸ್ಥೆ ಇದೆ. ಅದರ ಮೊದಲ ನಿರ್ದೇಶಕ ಡಿ.ಆರ್. ಗಾಡಗೀಳ ಅವರು ಸೊಲ್ಲಾಪುರ ನಗರದ ಸಾಮಾಜಿಕ-ಆರ್ಥಿಕ ಸ್ಥಿತಿಯ ಮೇಲೆ 1965ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದರು. ಜನಸಂಖ್ಯಾ ಅಧ್ಯಯನಕ್ಕೆ ಮುಂಬಯಿಯ ದೇವನಾರದಲ್ಲಿರುವ ಸಂಸ್ಥೆ ದೇಶಕ್ಕೇ ಹೆಸರಾದದ್ದು. ತೊಡಕು ಇಂಗ್ಲಿಷಿನದು. ಕೇಂದ್ರೀಯ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಬರುವುದಿಲ್ಲ. ಹತ್ತನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ ಕಾಲೇಜು ಎಂದು ಬಂದವರು ಅಲ್ಲೇ ಎಡವುತ್ತಾರೆ. ಗಡಿನಾಡ ಶಾಲೆಗಳಿಗೆ ನೆರವು ಕೊಡುವ ಸಂಘಗಳು ಸನ್ಮಾನ ಸಮಾರಂಭದ ಖರ್ಚಿನಲ್ಲಿ ಒಂದು ಪಾಲು ತೆಗೆದು ಈ ಪರೀಕ್ಷೆಗೆ ಮೂರು ತಿಂಗಳ ತರಬೇತಿ ಕೊಡಿಸಬಹುದು.

ಆದರೆ ಈ ವಿದ್ಯಾರ್ಥಿಗಳ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ಬಂಡವಾಳವಿದೆ. ತಲಾಠಿಯ ಸಾತ್‌ಬಾರಾ ಉತಾರೆಯನ್ನೂ ಗ್ರಾಮ ಲೆಕ್ಕಿಗರ ಪಹಣಿಯನ್ನೂ ಅವರು ಓದಬಲ್ಲರು. ಎರಡೂ ಕಡೆಯ ರೈತರ ಜೊತೆ ದುಭಾಷಿಯಿಲ್ಲದೆ ಕೂತು ಮಾತಾಡಬಲ್ಲರು. ಭೀಮೆಯ ಎರಡು ದಂಡೆಗೂ ಒಂದೇ ಕರಿ ಮಣ್ಣು, ಒಂದೇ ಹಿಂಗಾರಿ ಜೋಳ, ಅನೇಕ ಮನೆಗಳಲ್ಲಿ ಒಂದೇ ಬೀಗತನ. ಜತ್ತ, ಅಕ್ಕಲಕೋಟೆ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಇಂಡಿ ಮೊದಲಿನಿಂದ ಮುಂಬಯಿಯಲ್ಲೇ ಇತ್ತು. ಆಳಂದ, ಅಫಜಲಪುರ ನಿಜಾಮನ ಹೈದರಾಬಾದಿನವು. 1956ರ ನವೆಂಬರ್ 1ರಂದು ಗೆರೆ ಬಿದ್ದ ಮೇಲೆ ಎರಡು ಆಡಳಿತಗಳಿಂದ ಒಂದೇ ಬಗೆಯ ನೆಲ ಏನಾಯಿತು ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಬೆಂಗಳೂರು, ಮುಂಬಯಿಯ ಸಂಶೋಧಕರಿಗೆ ಒಂದು ಭಾಷೆ ಬಂದರೆ ಇನ್ನೊಂದು ಬರುವುದು ಅಪರೂಪ.

ಹೊತ್ತೂ ಕೂಡಿಬಂದಿದೆ. ತಾಲ್ಲೂಕಿನ ಬಗ್ಗೆ ಎಲ್ಲರೂ ಉದ್ಧರಿಸುತ್ತ ಬಂದ ಅಂಕಿ 2011ರ ಜನಗಣತಿಯದು. 2021ರದು ನಡೆಯಲೇ ಇಲ್ಲ. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಜಾತಿಯ ಎಣಿಕೆಯೂ ಅದರಲ್ಲಿ ಸೇರಿದೆ. ಹಳ್ಳಿವಾರು ಕೋಷ್ಟಕಗಳು ಹೊರಬಂದಾಗ ಅಕ್ಕಲಕೋಟೆಯನ್ನು ಸೊಲ್ಲಾಪುರದ ಸರಾಸರಿಯಿಂದ, ಜತ್ತವನ್ನು ಸಾಂಗ್ಲಿಯ ಸರಾಸರಿಯಿಂದ ಬಿಡಿಸಿ ತೆಗೆಯುವ ಕೆಲಸ ಕಾದಿರುತ್ತದೆ. ಅದಕ್ಕೆ ಸಂಖ್ಯಾಶಾಸ್ತ್ರದ ಎರಡು ಪತ್ರಿಕೆ ಓದಿದ, ಎರಡು ಭಾಷೆ ಬಲ್ಲ ನಾಲ್ಕು ಜನ ಸಾಕು.